ಅಪ್ಪ ಆಗುವ ಮುಂಚೆ ಯಾವ ‘ರೋಸಿ’ ಓದಬೇಕು: ಎರಡನೆಯದೋ, ಮೂರನೆಯದೋ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆಂಡತಿ ಬಸುರಿ, ನೀವು ಮೊದಲ ಸಲ ಅಪ್ಪ ಆಗುತ್ತಿದ್ದೀರಿ, ನಾಲ್ಕು ಜನರ ಜೊತೆ ಬೆರೆಯುವುದು ನಿಮಗೆ ಕಷ್ಟ. ಹಾಗಿದ್ದರೆ ಗ್ರೇಮ್ ಸಿಮ್ಸಿಯನ್ ಇಂಗ್ಲಿಷಿನಲ್ಲಿ ಬರೆದ ‘ರೋಸಿ’ ಕಾದಂಬರಿ ಸರಣಿಯಲ್ಲಿ ಎರಡನೆಯದನ್ನು ತಗೊಳ್ಳಿ. ಅದರ ಹೆಸರು ‘ದಿ ರೋಸಿ ಎಫೆಕ್ಟ್’, 2014ರಲ್ಲಿ ಬಂದಿದ್ದು. ಮೂರನೆಯದು ‘ದಿ ರೋಸಿ ರಿಸಲ್ಟ್’, 2019ರದ್ದು. ಅದೂ ಒಳ್ಳೆಯ ಪುಸ್ತಕವೇ. ಆದರೆ ಅದಕ್ಕೆ ಇನ್ನೂ ಹತ್ತು ವರ್ಷ ಟೈಮ್ ಇದೆ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ ನಾನು ಓದಿದ್ದು ಉಲ್ಟಾ. ಹೆಂಡತಿಗೆ ಐದು ತಿಂಗಳಾಗಿದ್ದಾಗ ಆನ್‌ಲೈನಿನಲ್ಲಿ ಎರಡನೆಯ ಪುಸ್ತಕ ಆರ್ಡರ್ ಮಾಡಿದೆ. ಪ್ಯಾಕೆಟ್ ಬಂದಾಗ ನಾನು ಊರಲ್ಲಿರಲಿಲ್ಲ. ಕೆಳಗಿನ ಮನೆಯವರು ಇಸಿದುಕೊಂಡು ಎತ್ತಿಟ್ಟಿದ್ದರು, ಅದು ನನ್ನ ಕೈಗೆ ಸಿಕ್ಕಿದ್ದು ಹನ್ನೆರಡು ದಿನದ ಮೇಲೆ. ಬಿಚ್ಚಿ ನೋಡಿದರೆ ಒಳಗೆ ಮೂರನೆಯದಿತ್ತು. ಮಾರಿದವರಿಗೆ ಬರೆದೆ. ವಾಪಸ್ ಮಾಡುವ ಗಡುವು ಮುಗಿದಿದೆ, ಏನೂ ಮಾಡೋಕಾಗಲ್ಲ ಅಂದರು. ನಾನೂರು ರೂಪಾಯಿ ಕೊಟ್ಟಿದ್ದೇನೆ, ಸುಮ್ನೆ ಇಡುವುದು ಯಾಕೆ ಅಂತ ಅದನ್ನೇ ಶುರು ಮಾಡಿದೆ. ಆ ತಪ್ಪನ್ನು ನೀವು ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿರುವುದು.

ಗೊತ್ತಿಲ್ಲದವರಿಗೆ ಎರಡು ಮಾತು. ಡಾನ್ ಟಿಲ್ಮನ್ ಅಂತ ಒಬ್ಬ ಜೆನೆಟಿಕ್ಸ್ ಪ್ರೊಫೆಸರ್, ಮೆಲ್ಬರ್ನಿನವನು. ಬುದ್ಧಿವಂತ, ಪ್ರಾಮಾಣಿಕ. ವಾರದ ಯಾವ ದಿನ ಏನು ಊಟ ಅನ್ನುವುದಕ್ಕೂ ಅವನ ಹತ್ತಿರ ಪಟ್ಟಿ ಇದೆ. ಎದುರಿಗಿರುವವರ ಮುಖ ನೋಡಿ ಅವರ ಮನಸ್ಸು ತಿಳಿಯುವುದು ಮಾತ್ರ ಅವನಿಗೆ ಬಾರದ ವಿದ್ಯೆ. 2013ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಅವನು ಹೆಂಡತಿ ಹುಡುಕುವುದಕ್ಕೆ ಹದಿನಾರು ಪುಟದ ಪ್ರಶ್ನಾವಳಿ ಮಾಡುತ್ತಾನೆ, ಎರಡೂ ಬದಿಯಲ್ಲಿ ಪ್ರಶ್ನೆ. ನಮ್ಮಲ್ಲಿ ಜಾತಕ ಹಿಡಿದು 36 ಗುಣ ಲೆಕ್ಕ ಹಾಕಿದ ಹಾಗೆ. ಆ ಯಾವ ಲೆಕ್ಕಕ್ಕೂ ಸಿಗದ ರೋಸಿ ಅವನ ಬದುಕಿಗೆ ಬರುತ್ತಾಳೆ. ಮೊದಲನೆಯದರ ಬಗ್ಗೆ ಇಷ್ಟು ಸಾಕು. ಅದು ಮದುವೆಯ ಕಥೆ, ನನ್ನ ಪ್ರಶ್ನೆ ಮಗುವಿನದು.

ಈಗ ಮೂರನೆಯದು. ಡಾನ್ ಮತ್ತು ರೋಸಿ ನ್ಯೂಯಾರ್ಕಿನಿಂದ ಮತ್ತೆ ಮೆಲ್ಬರ್ನಿಗೆ ಬಂದಿದ್ದಾರೆ. ಮಗ ಹಡ್ಸನ್‌ಗೆ ಹನ್ನೊಂದು ವರ್ಷ. ಹೊಸ ಶಾಲೆಯಲ್ಲಿ ಅವನು ಹೊಂದಿಕೊಳ್ಳುತ್ತಿಲ್ಲ, ಶಾಲೆಯವರು ಅಪ್ಪ ಅಮ್ಮನನ್ನು ಕರೆಸುತ್ತಾರೆ, ಹುಡುಗನಿಗೆ ಆಟಿಸಂ ಇರಬಹುದು, ಪರೀಕ್ಷೆ ಮಾಡಿಸಿ ಅನ್ನುವ ಮಾತು ಬರುತ್ತದೆ. ಅದೇ ಹೊತ್ತಿಗೆ ಡಾನ್ ಕ್ಲಾಸಿನಲ್ಲಿ ಹೇಳಿದ ಒಂದು ಪಾಠ ದೊಡ್ಡ ಗಲಾಟೆಯಾಗಿ ಅವನ ಕೆಲಸಕ್ಕೇ ಕುತ್ತು ಬಂದಿರುತ್ತದೆ. ಅವನು ಮಗನಿಗೆ ಬೇಕಾದ್ದನ್ನೆಲ್ಲ ತಾನೇ ಕಲಿಸುತ್ತೇನೆ ಅಂತ ಕೂರುತ್ತಾನೆ. ಚೆಂಡು ಹಿಡಿಯುವುದರಿಂದ ಹಿಡಿದು ಗೆಳೆಯರನ್ನು ಮಾಡಿಕೊಳ್ಳುವವರೆಗೆ. ಜೊತೆಗೆ ಒಂದು ಬಾರ್ ಬೇರೆ ತೆಗೆಯುತ್ತಾನೆ. ಅದರ ಹೆಸರು ‘ದಿ ಲೈಬ್ರರಿ’. ಗದ್ದಲ, ಗಜಿಬಿಜಿ ತಡೆಯದವರೂ ನೆಮ್ಮದಿಯಾಗಿ ಕೂರಬೇಕು ಅಂತ ಕಟ್ಟಿದ ಜಾಗ.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಹಡ್ಸನ್ ಮತ್ತು ಅವನ ಗೆಳತಿ ಬ್ಲಾಂಚ್. ಆ ಹುಡುಗಿಗೆ ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಚರ್ಮಕ್ಕೆ, ಕೂದಲಿಗೆ ಬಣ್ಣ ಇಲ್ಲ, ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಅವಳ ಅಪ್ಪ ಹೋಮಿಯೋಪಥಿ ಬಿಟ್ಟು ಬೇರೆ ಔಷಧಿ ನಂಬದವನು. ಎರಡು ಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗುವುದನ್ನು ಓದುವಾಗ ಗಂಟಲು ಕಟ್ಟುತ್ತದೆ. ‘ಇವನಿಗೆ ಇಂಥದ್ದು ಇದೆ’ ಅಂತ ಹೆಸರು ಇಡಿಸಿಕೊಳ್ಳಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಸಿಮ್ಸಿಯನ್ ಎರಡೂ ಕಡೆಯಿಂದ ನ್ಯಾಯವಾಗಿ ನೋಡಿದ್ದಾರೆ. ಡಾನ್ ತನ್ನನ್ನು ತಾನು ನೋಡಿಕೊಳ್ಳುವುದೂ ಇಲ್ಲೇ. ಬರವಣಿಗೆ ಲೆಕ್ಕದಲ್ಲಿ ಮೂರರಲ್ಲಿ ಇದೇ ಹೆಚ್ಚು ಪಕ್ವ ಅಂತ ಯಾರಾದರೂ ಹೇಳಿದರೆ ನಾನು ಜಗಳ ಆಡುವುದಿಲ್ಲ.

ಆದರೆ ಆಗ ನನಗೆ ಅದು ಬೇಕಿರಲಿಲ್ಲ. ಆ ವಾರವೇ ನಮ್ಮ ಐದನೇ ತಿಂಗಳ ಸ್ಕ್ಯಾನ್ ಆಗಿತ್ತು. ರಿಪೋರ್ಟಿನಲ್ಲಿ ಮಗುವಿನ ತೊಡೆಮೂಳೆಯ ಉದ್ದ 33 ಮಿಲಿಮೀಟರ್ ಅಂತ ಇತ್ತು. ಅಷ್ಟು ಪುಟ್ಟ ಜೀವವನ್ನು ಮನಸ್ಸಿನಲ್ಲಿಟ್ಟುಕೊಂಡು, ಹನ್ನೊಂದು ವರ್ಷದ ಹುಡುಗ ಶಾಲೆಯಲ್ಲಿ ಒಂಟಿಯಾಗುವುದನ್ನು ಪುಟ ಪುಟವಾಗಿ ಓದುವುದು ಅಂದರೆ, ಇನ್ನೂ ಹುಟ್ಟದ ಮಗುವಿನ ಮೇಲೆ ಈಗಲೇ ಭಯದ ಮೂಟೆ ಹೊರಿಸಿದ ಹಾಗೆ. ನಾನೂ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂತವನು. ನನ್ನ ಹಾಗೇ ಆದರೆ ಅಂತ ರಾತ್ರಿ ಎದ್ದು ಕೂತಿದ್ದೂ ಇದೆ. ಜೊತೆಗೆ ಇನ್ನೊಂದು ನಷ್ಟ. ಮೂರನೆಯದು ಓದಿದ ಮೇಲೆ ಎರಡನೆಯದರ ಕುತೂಹಲ ಅರ್ಧ ಹೋಯಿತು. ಸಂಸಾರ ಉಳಿಯುತ್ತದೋ ಇಲ್ಲವೋ ಅನ್ನುವುದೇ ಅಲ್ಲಿನ ದೊಡ್ಡ ಪ್ರಶ್ನೆ, ನನಗೆ ಉತ್ತರ ಮೊದಲೇ ಸಿಕ್ಕಿಬಿಟ್ಟಿತ್ತು.

ಎರಡನೆಯದನ್ನು ಆಮೇಲೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪ್ರತಿ 220 ರೂಪಾಯಿಗೆ ತಂದೆ. ನಾನು ತುಮಕೂರಿನಿಂದ ದಿನಾ ಟ್ರೇನಿನಲ್ಲಿ ಬೆಂಗಳೂರಿಗೆ ಓಡಾಡುವವನು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಮೊದಲ ದಿನ ಯಶವಂತಪುರ ಬಂದಿದ್ದೇ ಗೊತ್ತಾಗಲಿಲ್ಲ.

ಕಥೆ ಶುರುವಾಗುವುದು ಶುಕ್ರವಾರದ ಪಟ್ಟಿಯಲ್ಲಿಲ್ಲದ ಒಂದು ಕಿತ್ತಳೆ ಜ್ಯೂಸಿನಿಂದ. ರೋಸಿ ಬಸುರಿ. ಇಬ್ಬರೂ ನ್ಯೂಯಾರ್ಕಿನಲ್ಲಿದ್ದಾರೆ. ಅವಳು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಅವನೂ ಅಲ್ಲೇ ಇದ್ದಾನೆ. ಮೇಲಿನ ಮನೆಯಲ್ಲಿ ಜಾರ್ಜ್ ಅಂತ ವಯಸ್ಸಾದ ರಾಕ್ ಡ್ರಮ್ಮರ್. ಅವನ ಬಿಯರ್ ತಂಪಾಗಿರುವ ಹಾಗೆ ನೋಡಿಕೊಳ್ಳುವುದು ಡಾನ್ ಜವಾಬ್ದಾರಿ. ಫ್ರಿಜ್ ಎಂಜಿನಿಯರ್ ಡೇವ್ ಒಬ್ಬ ಗೆಳೆಯ. ಹೆಂಡತಿ ಹೊರಗೆ ಹಾಕಿದ ಜೀನ್ ಇನ್ನೊಬ್ಬ, ಅವನು ಬಂದು ಇವರ ಮನೆಯಲ್ಲೇ ಠಿಕಾಣಿ ಹೂಡುತ್ತಾನೆ. ಅಪ್ಪ ಆಗುವುದು ಹೇಗೆ ಅಂತ ಈ ಗಂಡಸರು ಕೂತು ಮಾತಾಡುವ ಭಾಗಗಳು ಇವೆಯಲ್ಲ, ಅಂಥ ಮಾತು ನಮ್ಮ ಕಡೆ ಗಂಡಸರ ನಡುವೆ ನಡೆಯುವುದೇ ಇಲ್ಲ. ನನಗೆ ಯಾರೂ ಏನೂ ಹೇಳಲಿಲ್ಲ. ‘ಎಲ್ಲಾ ಸರಿಹೋಗುತ್ತೆ ಬಿಡೋ’ ಅಂದರು ಅಷ್ಟೇ.

ಡಾನ್ ಮಗುವಿಗೆ ‘ಬಡ್’ ಅಂತ ಹೆಸರಿಡುತ್ತಾನೆ. ಅದು ಇಂಗ್ಲಿಷಿನಲ್ಲಿ ‘ಬೆಳೆಯುತ್ತಿರುವ ಮಗು’ ಅನ್ನುವುದರ ಮೊದಲಕ್ಷರಗಳು. ಆದರೆ ಆ ಪದಕ್ಕೆ ಮೊಗ್ಗು ಅಂತಲೂ ಅರ್ಥ ಅಲ್ವಾ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ನನ್ನ ಹೆಂಡತಿ ತಿಪಟೂರಿಗೆ, ತವರಿಗೆ ಹೋದಳು. ಆ ದಿನ ಅವಳಿಗೆ ಮೊಗ್ಗಿನ ಜಡೆ ಹಾಕಿದ್ದರು. ಮಂಗಳೂರು ಮಲ್ಲಿಗೆಯ ಬಿಗಿ ಮೊಗ್ಗು, ಮಧ್ಯೆ ಮಧ್ಯೆ ಕನಕಾಂಬರ. ಅದನ್ನು ನೋಡುತ್ತಾ ಪುಸ್ತಕ ನೆನಪಾಗಿ, ‘ಮೊಗ್ಗು ಹೇಗಿದೆ?’ ಅಂತ ಮೆಲ್ಲಗೆ ಕೇಳಿದೆ. ಅವಳಿಗೆ ಆಗಲೇ ಬಡ್‌ನ ಕಥೆ ಹೇಳಿದ್ದೆ, ತಕ್ಷಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅತ್ತೆ ಮಾತ್ರ ಜಡೆಯನ್ನು ಕೇಳಿದ್ದು ಅಂದುಕೊಂಡು, ‘ಬಾಡಿಲ್ಲ ಅಳಿಯಂದ್ರೆ, ಬೆಳಿಗ್ಗೆ ತಾನೇ ಕಟ್ಟಿದ್ದು’ ಅಂದರು. ಅವತ್ತಿನಿಂದ ಮಗುವಿಗೆ ನಮ್ಮಿಬ್ಬರ ನಡುವೆ ಮೊಗ್ಗು ಅನ್ನುವುದೇ ಹೆಸರಾಯಿತು. ಮೂರನೆಯ ಪುಸ್ತಕದಿಂದ ನನಗೆ ಇಂಥದ್ದೇನೂ ಸಿಗಲಿಲ್ಲ.

ಇನ್ನೊಂದು. ಡಾನ್ ಬಚ್ಚಲುಮನೆಯ ಟೈಲ್ಸಿನ ಮೇಲೆ ಮಗು ಬೆಳೆಯುವುದನ್ನು ವಾರವಾರವೂ ಚಿತ್ರ ಬರೆಯುತ್ತಾ ಹೋಗುತ್ತಾನೆ. ಬಾಯಲ್ಲಿ ಪ್ರೀತಿ ಹೇಳೋಕೆ ಬರದವನು ಟೈಲ್ಸಿನ ಮೇಲೆ ಹೇಳುತ್ತಿದ್ದಾನೆ. ನಾನು ಅದನ್ನು ಓದಿದ ರಾತ್ರಿಯೇ ಮುಗಿದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಎರಡು ಗೆರೆ ಎಳೆದೆ. ಒಂದು 58 ಮಿಲಿಮೀಟರ್, ಹನ್ನೆರಡನೇ ವಾರದ ಸ್ಕ್ಯಾನಿನಲ್ಲಿ ತಲೆಯಿಂದ ಕುಂಡಿಯವರೆಗೆ ಮಗುವಿನ ಉದ್ದ. ಇನ್ನೊಂದು 33, ಐದನೇ ತಿಂಗಳಲ್ಲಿ ಬರೀ ತೊಡೆಮೂಳೆಯದು. ಪಕ್ಕಪಕ್ಕದಲ್ಲಿ ನೋಡಿದಾಗ ಮಗು ಎಷ್ಟು ಬೆಳೆದಿದೆ ಅನ್ನುವುದು ಮೊದಲ ಸಲ ನನ್ನ ತಲೆಗೆ ಹೋಯಿತು. ಆ ಹಾಳೆ ಈಗಲೂ ಬೀರುವಿನಲ್ಲಿದೆ.

ಇಷ್ಟೆಲ್ಲ ಹೊಗಳಿದೆ. ಈಗ ಎರಡನೆಯದರ ಒಂದು ದೊಡ್ಡ ಕಿರಿಕಿರಿ ಹೇಳಲೇಬೇಕು. ಇದೇ ಕಾರಣಕ್ಕೆ ಅರ್ಧಕ್ಕೆ ಬಿಟ್ಟವರನ್ನು ನಾನು ನೋಡಿದ್ದೇನೆ.

ಮಕ್ಕಳು ಹೇಗೆ ಆಡುತ್ತಾರೆ ಅಂತ ಸ್ವಲ್ಪ ಗಮನಿಸು ಅಂತ ಸಲಹೆ ಸಿಕ್ಕಿ ಡಾನ್ ಒಂದು ಪಾರ್ಕಿಗೆ ಹೋಗುತ್ತಾನೆ. ಸಂಶೋಧಕ ಅಲ್ವಾ, ಮಕ್ಕಳು ಆಡುವುದನ್ನು ವಿಡಿಯೋ ಮಾಡಿಕೊಳ್ಳುತ್ತಾನೆ. ಒಂಟಿ ಗಂಡಸು ಗುರುತಿಲ್ಲದ ಮಕ್ಕಳ ವಿಡಿಯೋ ತೆಗೆದರೆ ನೋಡಿದವರಿಗೆ ಏನನ್ನಿಸುತ್ತದೆ ಅನ್ನುವುದು ಅವನ ತಲೆಗೆ ಬರುವುದೇ ಇಲ್ಲ. ಪೊಲೀಸರು ಹಿಡಿಯುತ್ತಾರೆ. ಆಮೇಲೆ ಲಿಡಿಯಾ ಅನ್ನುವ ಸೋಶಿಯಲ್ ವರ್ಕರ್ ಮುಂದೆ ಹಾಜರಾಗಬೇಕಾಗುತ್ತದೆ. ಇಲ್ಲಿಯವರೆಗೆ ಚೆನ್ನಾಗಿದೆ. ನಗುವೂ ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ. ಕಿರಿಕಿರಿ ಶುರುವಾಗುವುದು ಆಮೇಲೆ. ಡಾನ್ ಇದನ್ನು ರೋಸಿಗೆ ಹೇಳುವುದಿಲ್ಲ. ಅವಳಿಗೆ ಟೆನ್ಷನ್ ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು ಅನ್ನುವುದು ಅವನ ಲೆಕ್ಕ. ಲಿಡಿಯಾ ಹೆಂಡತಿಯನ್ನೂ ಕರೆದುಕೊಂಡು ಬಾ ಅಂದಾಗ ಡೇವ್‌ನ ಹೆಂಡತಿ ಸೋನಿಯಾಳನ್ನು ‘ಇವಳೇ ರೋಸಿ’ ಅಂತ ಕೂರಿಸುತ್ತಾನೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು, ಅದನ್ನು ಮುಚ್ಚೋಕೆ ಮತ್ತೊಂದು.

ಪುಸ್ತಕದ ದೊಡ್ಡ ಭಾಗ ಇದರ ಮೇಲೇ ಓಡುತ್ತದೆ. ಒಂದು ಸಂಜೆ ಕೂತು ಇಬ್ಬರೂ ಹತ್ತು ನಿಮಿಷ ಮಾತಾಡಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಳ್ಳು ಹೇಳೋಕೆ ಬಾರದವನು ಅಂತ ಮೊದಲ ಪುಸ್ತಕದಲ್ಲಿ ನಾವು ಪ್ರೀತಿಸಿದ ಮನುಷ್ಯ ಇವನು. ಅಂಥವನ ಕೈಲಿ ಇಷ್ಟು ದಿನ ಮುಚ್ಚಿಡಿಸುವುದು ಕಥೆ ಎಳೆಯೋಕೆ ಮಾಡಿದ ಉಪಾಯ ಅನ್ನಿಸಿತು. ಸಿಮ್ಸಿಯನ್ ಮೊದಲ ಕಥೆಯನ್ನು ಸಿನಿಮಾ ಚಿತ್ರಕಥೆಯಾಗಿ ಬರೆಯೋಕೆ ಶುರು ಮಾಡಿ ಆಮೇಲೆ ಕಾದಂಬರಿ ಮಾಡಿದವರು. ಆ ಕೈ ಇಲ್ಲೂ ಕಾಣುತ್ತದೆ. ತೆರೆಯ ಮೇಲೆ ಎರಡು ಗಂಟೆಯಲ್ಲಿ ನಗುತ್ತಾ ಮುಗಿಯುವ ಗೊಂದಲ, ಓದುವವನ ಕೈಯಲ್ಲಿ ಹದಿನೈದು ದಿನ ಉಳಿದರೆ ಹಿಂಸೆ. ರೋಸಿಯ ಮೇಲೂ ನನಗೆ ಕೋಪ ಬಂತು. ಅವನು ಹಗಲೂ ರಾತ್ರಿ ಬಸಿರಿನ ಬಗ್ಗೆ ಓದುತ್ತಿದ್ದಾನೆ, ಅವಳು ಏನು ತಿನ್ನಬೇಕು ಅಂತ ಪಟ್ಟಿ ಮಾಡುತ್ತಿದ್ದಾನೆ, ಅವಳಿಗೆ ಕಾಣುವುದು ಮಾತ್ರ ತನ್ನ ಜೊತೆ ಇರದ ಗಂಡ. ಇವನಿಂದ ಅಪ್ಪ ಆಗೋಕೆ ಆಗಲ್ಲ ಅನ್ನುವ ತೀರ್ಮಾನದವರೆಗೂ ಅವಳು ಹೋಗುತ್ತಾಳೆ.

ನಾನು ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಹೆಂಡತಿಗೆ ಕೆಲವು ಪುಟ ಓದಿ ಹೇಳುತ್ತಿದ್ದೆ, ಇಂಗ್ಲಿಷಿನಲ್ಲಿ ನೋಡಿಕೊಂಡು ಕನ್ನಡದಲ್ಲಿ. ಅವಳೂ ಸಿಟ್ಟಾದಳು. ‘ರೀ, ಅವನು ಹೇಳಿಬಿಡಬಾರದಾ? ಅವಳೇನು ಗಾಜಿನ ಗೊಂಬೆನಾ?’

ಅವಳು ಹೀಗೆ ಕೇಳಿದ ಹೊತ್ತಿಗೆ ನಾನೂ ಅವಳಿಗೆ ಒಂದು ವಿಷಯ ಹೇಳದೆ ಎಂಟು ದಿನ ಆಗಿತ್ತು. ಆಫೀಸಿನಲ್ಲಿ ವರ್ಗಾವಣೆ ಪಟ್ಟಿ ಬಂದಿತ್ತು, ಅದರಲ್ಲಿ ನನ್ನ ಹೆಸರಿನ ಮುಂದೆ ಬೀದರ್ ಅಂತ ಇತ್ತು. ಹೆರಿಗೆಗೆ ಐದು ವಾರ ಬಾಕಿ. ಅವಳಿಗೆ ಗಾಬರಿಯಾಗಬಾರದು, ಬಿ.ಪಿ. ಏರಬಾರದು ಅಂತ ಸುಮ್ಮನಿದ್ದೆ. ಅರ್ಜಿ ಕೊಟ್ಟಿದ್ದೆ, ಸಾಹೇಬರ ಹತ್ತಿರ ಎರಡು ಸಲ ಹೋಗಿ ಬಂದಿದ್ದೆ. ರಾತ್ರಿ ಫೋನಿನಲ್ಲಿ ಮಾತ್ರ ‘ಊಟ ಆಯ್ತಾ, ಕಾಲು ಊತ ಇಳೀತಾ’ ಅಷ್ಟೇ. ಪುಸ್ತಕದಲ್ಲಿ ಪೊಳ್ಳು ಅಂತ ಬೈದಿದ್ದನ್ನೇ ನಾನು ದಿನಾ ಮಾಡುತ್ತಿದ್ದೆ, ಅದೇ ಕಾರಣ ಕೊಟ್ಟುಕೊಂಡು. ಆ ರಾತ್ರಿ ಪುಸ್ತಕ ಮುಚ್ಚಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ‘ಎಂಟು ದಿನ ಒಬ್ರೇ ಇಟ್ಕೊಂಡಿದ್ರಾ?’ ಅಂದಳು. ಬೈಯಲಿಲ್ಲ. ಅರ್ಜಿ ಜೊತೆ ಇಡಿ ಅಂತ ಮಾರನೇ ದಿನ ಆಸ್ಪತ್ರೆಯ ಚೀಟಿಯ ಫೋಟೋ ಅವಳೇ ಕಳಿಸಿದಳು. ವರ್ಗಾವಣೆ ಆರು ತಿಂಗಳು ಮುಂದಕ್ಕೆ ಹೋಯಿತು.

ಹಾಗಂತ ಪುಸ್ತಕದ ಆ ಭಾಗ ಉದ್ದ ಅನ್ನುವ ನನ್ನ ಮಾತು ವಾಪಸ್ ತಗೊಳ್ಳುವುದಿಲ್ಲ. ಅಷ್ಟು ಎಳೆಯಬಾರದಿತ್ತು. ಆದರೆ ಅದು ಸುಳ್ಳಲ್ಲ ಅಂತ ಈಗ ಗೊತ್ತು. ಬಸುರಿ ಹೆಂಡತಿಯ ಗಂಡ ಮುಚ್ಚಿಡುವುದು ಹೀಗೇ, ಒಳ್ಳೆಯದಕ್ಕೇ ಅಂದುಕೊಂಡು. ಮೂರನೆಯದರಲ್ಲಿ ಇಂಥ ಎಳೆತ ಇಲ್ಲ. ಕಥೆ ನೇರವಾಗಿ ಹೋಗುತ್ತದೆ, ಅದು ಅದಕ್ಕೆ ಸಲ್ಲಬೇಕಾದ ಮಾತು.

ನಗು ಎರಡನೆಯದರಲ್ಲೇ ಜಾಸ್ತಿ.

ಹೆರಿಗೆಯ ಮಾಹಿತಿ ಬೇಕು ಅಂತ ಯಾವುದನ್ನೂ ಕೊಳ್ಳಬೇಡಿ, ಅದಕ್ಕೆ ಡಾಕ್ಟರ್ ಇದ್ದಾರೆ.

ಯಾವ ರೂಪದಲ್ಲಿ ಓದಬೇಕು ಅನ್ನುವುದಕ್ಕೂ ಎರಡು ಮಾತು. ಆಡಿಯೋ ಪ್ರಯತ್ನಿಸಿದೆ, ಓದಿದವರ ದನಿ ಚೆನ್ನಾಗಿದೆ. ಆದರೆ ನಮ್ಮ ಟ್ರೇನಿನಲ್ಲಿ ಕಡ್ಲೆಕಾಯಿ ಮಾರುವವರು, ಭಜನೆ ಗುಂಪು, ಇಸ್ಪೀಟು ಗುಂಪು ಎಲ್ಲ ಇರುತ್ತಾರೆ, ಅರ್ಧ ಮಾತು ಕೇಳುವುದಿಲ್ಲ. ಮೊಬೈಲಿನಲ್ಲಿ ಓದಿದರೆ ಆಫೀಸಿನ ಮೆಸೇಜ್ ಬಂದು ಬಂದು ಗಮನ ಹೋಗುತ್ತದೆ. ನನಗೆ ಹಳೆಯ ಪ್ರತಿ ಮತ್ತು ಪೆನ್ಸಿಲ್ ಸಾಕಾಯಿತು. ಹೆಂಡತಿಗೆ ರಾತ್ರಿ ಏನು ಓದಬೇಕು ಅಂತ ಬೆಳಿಗ್ಗೆ ಟ್ರೇನಿನಲ್ಲೇ ಅಂಚಿನಲ್ಲಿ ಗುರುತು ಹಾಕುತ್ತಿದ್ದೆ.

ಕನ್ನಡದಲ್ಲಿ ಓದಿ ಹೇಳುವಾಗ ಒಂದು ವಿಷಯ ಕಂಡುಕೊಂಡೆ, ಯಾರಿಗಾದರೂ ಉಪಯೋಗ ಆಗಬಹುದು. ಡಾನ್ ಮಾತಾಡುವ ಇಂಗ್ಲಿಷ್ ವರದಿಯ ಹಾಗಿರುತ್ತದೆ. ಅಳೆದು ತೂಗಿದ, ಪೂರ್ತಿ ವಾಕ್ಯ. ಮೊದಲು ಅದನ್ನು ನಮ್ಮ ಮನೆ ಮಾತಿನಲ್ಲಿ ಹೇಳಿದೆ, ನಗುವೇ ಬರಲಿಲ್ಲ. ಆಮೇಲೆ ಡಾನ್‌ಗೆ ಮಾತ್ರ ಪುಸ್ತಕದ ಕನ್ನಡ ಕೊಟ್ಟೆ, ರೇಡಿಯೋ ವಾರ್ತೆಯ ಹಾಗೆ, ‘ನಾನು ಈ ಪ್ರಸ್ತಾಪವನ್ನು ಪರಿಶೀಲಿಸುತ್ತೇನೆ’ ಅನ್ನುವ ತರ. ರೋಸಿ, ಜೀನ್, ಡೇವ್ ಎಲ್ಲರಿಗೂ ಮಾಮೂಲಿ ತುಮಕೂರು ಮಾತು. ಆಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ‘ಸಾಕು ನಿಲ್ಸಿ, ಮೊಗ್ಗು ಒದೀತಿದೆ’ ಅಂದಳು. ಮೂರನೆಯದನ್ನೂ ಹೀಗೆ ಓದಬಹುದು. ಅಲ್ಲಿ ಹಡ್ಸನ್‌ಗೆ ಯಾವ ಕನ್ನಡ ಕೊಡಬೇಕು ಅಂತ ಇನ್ನೂ ಯೋಚಿಸುತ್ತಿದ್ದೇನೆ.

ದುಡ್ಡಿನ ಲೆಕ್ಕ. ಮೂರೂ ಹೊಸದು ತಂದರೆ ಸಾವಿರದ ಹತ್ತಿರ ಹೋಗುತ್ತದೆ. ಹೆರಿಗೆ ಖರ್ಚಿಗೆ ಎತ್ತಿಡುವ ತಿಂಗಳಲ್ಲಿ ಅದು ದೊಡ್ಡ ಮೊತ್ತವೇ. ಒಂದೇ ತಗೊಳ್ಳಿ, ಹಳೆಯದೇ ತಗೊಳ್ಳಿ, ಎರಡನೆಯದನ್ನೇ ತಗೊಳ್ಳಿ. ಮೊದಲನೆಯದು ಓದದೇ ಇದ್ದರೂ ಅರ್ಥ ಆಗುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಪ್ಯಾಕೆಟ್ ಬಂದ ದಿನವೇ ಬಿಚ್ಚಿ ಮುಖಪುಟ ನೋಡಿ. ಮೂರರದ್ದೂ ಹೆಸರು ರೋಸಿಯಿಂದಲೇ ಶುರುವಾಗುತ್ತದೆ, ಕಳಿಸುವವರೂ ಎಡವುತ್ತಾರೆ. ಮಗು ಆಗಲೇ ಶಾಲೆಗೆ ಹೋಗುತ್ತಿದೆ, ಟೀಚರ್ ಪದೇ ಪದೇ ಕರೆಸುತ್ತಿದ್ದಾರೆ ಅನ್ನುವವರು ಮಾತ್ರ ನನ್ನ ಮಾತು ಬಿಟ್ಟು ಮೂರನೆಯದನ್ನು ಹಿಡಿಯಿರಿ, ಅದು ನಿಮಗಾಗಿಯೇ ಇದೆ.

ನನ್ನ ಮೂರನೆಯದು ಬೀರುವಿನಲ್ಲಿ ಆ ಕ್ಯಾಲೆಂಡರ್ ಹಾಳೆಯ ಪಕ್ಕ ಇದೆ. ಮಗಳಿಗೆ ಈಗ ನಾಲ್ಕು ತಿಂಗಳು. ಎರಡನೆಯದು ಮಾತ್ರ ಮನೆಯಲ್ಲಿಲ್ಲ. ನಮ್ಮ ಬೋಗಿಯಲ್ಲೇ ಓಡಾಡುವ ಒಬ್ಬರ ಮನೆಯಲ್ಲಿ ಐದನೇ ತಿಂಗಳು ನಡೆಯುತ್ತಿದೆ. ಕಿಟಕಿ ಪಕ್ಕ ಕೂತು ಯಾರ ಹತ್ತಿರವೂ ಮಾತಾಡದವರು. ಕಳೆದ ವಾರ ಅವರಿಗೆ ಕೊಟ್ಟೆ. ವಾಪಸ್ ಕೊಡೋಕೆ ಅವಸರ ಮಾಡಬೇಡಿ, ಪೆನ್ಸಿಲ್ ಗುರುತು ಮಾತ್ರ ಅಳಿಸಬೇಡಿ ಅಂದಿದ್ದೇನೆ.